ಗಾಳಿ ಫ್ಯಾನಿನ ಕೆಳಗೆ ಕಡಲೆ ಹೊಲ

ನೆಲಕ್ಕೆ ಕಂದಾಯ ಕಟ್ಟುತ್ತೇವೆ, ನೀರಿಗೆ ಬಿಲ್ಲು ಕಟ್ಟುತ್ತೇವೆ. ಗಾಳಿ ಮಾತ್ರ ದೇವರು ಬಿಟ್ಟಿ ಕೊಟ್ಟದ್ದು ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು, ಅಲ್ಲವೇ? ಈಗ ಗಾಳಿಗೂ ಬೆಲೆ ಬಂದಿದೆ. ಗಾಳಿ ಜೋರಾಗಿ ಬೀಸುವ ಊರುಗಳಿಗೆ ಕಾರಿನಲ್ಲಿ ಜನ ಬರುತ್ತಾರೆ, ನಕ್ಷೆ ಹರಡುತ್ತಾರೆ, ಹೊಲ ಕೇಳುತ್ತಾರೆ. ನಿಮ್ಮ ತವರೋ ಅತ್ತೆಯ ಮನೆಯೋ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಗದಗ, ಕೊಪ್ಪಳ, ವಿಜಯಪುರದ ಕಡೆ ಇದ್ದರೆ ಈ ಮಾತು ಈಗಾಗಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಬಿದ್ದಿಲ್ಲವಾದರೆ ನಾಳೆ ಬೀಳಬಹುದು. ಆದ್ದರಿಂದ ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ. ಸ್ವಲ್ಪ ನಿಧಾನವಾಗಿ ಓದಬೇಕಾದ ವಿಷಯ ಇದು.

ನಾನಿರುವುದು ಬೆಂಗಳೂರಿನ ದಕ್ಷಿಣದಲ್ಲಿರುವ ಪುಟ್ಟೇನಹಳ್ಳಿಯಲ್ಲಿ. ಜೆ.ಪಿ. ನಗರದ ಏಳನೇ ಹಂತಕ್ಕೆ ಅಂಟಿಕೊಂಡ ಜಾಗ. ಹೆಸರಿನಲ್ಲಿ ಹಳ್ಳಿ ಇದೆಯೇ ಹೊರತು ಹುಡುಕಿದರೂ ಹೊಲ ಸಿಗುವುದಿಲ್ಲ. ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ಹಳೆಯದೆಂದು ಉಳಿದಿರುವುದು ಸುಮಾರು 13 ಎಕರೆಯ ಒಂದು ಕೆರೆ. ಅದೂ ಒಣಗಿ, ಕಸ ಸುರಿಯುವ ಗುಂಡಿಯಾಗಿತ್ತು. 2010ರಲ್ಲಿ ಸುತ್ತಲಿನ ನಿವಾಸಿಗಳು, ಅವರಲ್ಲಿ ಹೆಂಗಸರೂ ಮುಂದೆ ನಿಂತು, ಒಂದು ಟ್ರಸ್ಟ್ ಮಾಡಿಕೊಂಡು ಅದಕ್ಕೆ ಮತ್ತೆ ಜೀವ ತಂದರು. ಈಗ ಬೆಳಗಿನ ವಾಕಿಂಗಿಗೆ ಹೋದರೆ ನೀರು ಕಾಣುತ್ತದೆ, ಹಕ್ಕಿ ಕಾಣುತ್ತದೆ. ಅಂದು ಆ ಕೆರೆ ಒಣಗಿದ್ದು ಮಳೆ ಬಾರದೆ ಅಲ್ಲ. ಬಿದ್ದ ಮಳೆ ಕೆರೆಗೆ ಹರಿದು ಬರುವ ದಾರಿಗಳು ಮುಚ್ಚಿಹೋಗಿದ್ದವು. ಈ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ತವರು ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಬುಡದ ಒಂದು ಹಳ್ಳಿ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಇದ್ದಾಳೆ. ಅಣ್ಣ ಹೊಲ ನೋಡಿಕೊಂಡು ಹೋಗುತ್ತಾನೆ. ಒಂದು ದಿನ ಅಣ್ಣನ ಫೋನು ಬಂತು. "ತಂಗಿ, ಎಳ್ಳಮಾಸಿಗೆ ಬಂದ್ಬಿಡು. ಫ್ಯಾನಿನ ಮಂದಿ ಬಂದಾರ. ನಿನ್ನ ಸಹಿನೂ ಬೇಕಂತ."

ನಮ್ಮ ಕಡೆ ಗಾಳಿಯಿಂದ ಕರೆಂಟು ಮಾಡುವ ಯಂತ್ರಕ್ಕೆ ಜನ 'ಫ್ಯಾನು' ಎಂದೇ ಅನ್ನುವುದು. ಸಹಿ ನನ್ನದೇಕೆ ಎಂದು ನೀವು ಕೇಳಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾಯಿದೆ ತಿದ್ದುಪಡಿಯಾಯಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ಹೊಲ ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು ಈಗ ಮನೆಯ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುತ್ತಾರೆ. ಸಹಿ ಹಾಕುವ ಕೈ ಕೇಳುವ ಬಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು ತಾನೇ?

ನಮ್ಮವರಿಗೆ ರಜೆ ಸಿಕ್ಕಿತು. ರಾತ್ರಿ ಬಸ್ಸು ಬೇಡ, ದಾರಿ ನೋಡಿಕೊಂಡು ಹೋಗೋಣ ಎಂದು ಹಗಲಿಗೇ ಹೊರಟೆವು. ತುಮಕೂರು, ಶಿರಾ, ಹಿರಿಯೂರು ದಾಟಿ ಸುಮಾರು 200 ಕಿಲೋಮೀಟರ್ ಆಗುವಾಗ ಚಿತ್ರದುರ್ಗ. ಊರು ಹತ್ತಿರ ಬರುತ್ತಿದ್ದಂತೆ ಗುಡ್ಡಗಳ ಬೆನ್ನಿನ ಮೇಲೆ ಸಾಲಾಗಿ ಬಿಳಿ ಫ್ಯಾನುಗಳು. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಒಂದೇ ಕಿಟಕಿಗೆ ಮುತ್ತಿದವು. ಪಕ್ಕದಲ್ಲಿ ಕುಳಿತ ಒಬ್ಬ ಅಜ್ಜಿ ಮಾತ್ರ, "ಇವು ಬಂದಮೇಲೇ ನೋಡಮ್ಮ ಮಳೆ ಹೋಗಿದ್ದು, ಮೋಡಾನೆಲ್ಲ ಊದಿ ಓಡಿಸ್ತಾವೆ" ಎಂದರು. ಈ ಮಾತು ನೀವೂ ಕೇಳಿರಬಹುದು. ಪಕ್ಕದ ಮಹಾರಾಷ್ಟ್ರದ ಸಾತಾರಾ, ಸಾಂಗ್ಲಿ ಕಡೆಯೂ ಸುಮಾರು 20 ವರ್ಷಗಳ ಹಿಂದೆ ಬರಗಾಲದ ಹೊತ್ತಿನಲ್ಲಿ ಇದೇ ದೂರು ಎದ್ದಿತ್ತು.

ಇದು ನಿಜವೇ? ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೂ ಹೈಸ್ಕೂಲಿನ ಭೂಗೋಳವೇ ಇದಕ್ಕೆ ಸಾಕು. ಮುಂಗಾರು ಗಾಳಿ ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಬಡಿಯುತ್ತದೆ, ಹೊತ್ತು ತಂದ ನೀರಿನ ಬಹುಪಾಲನ್ನು ಅಲ್ಲೇ ಮಲೆನಾಡಿನಲ್ಲಿ ಇಳಿಸುತ್ತದೆ. ಘಟ್ಟ ದಾಟಿ ಬಯಲುಸೀಮೆಗೆ ಬರುವಾಗ ನೀರು ಕಡಿಮೆ, ಓಟ ಜೋರು. ಅಡ್ಡ ನಿಲ್ಲಲು ಕಾಡಿಲ್ಲ, ಅಲ್ಲೊಂದು ಇಲ್ಲೊಂದು ಬೋಳು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಅದು ಇನ್ನೂ ಜೋರಾಗುತ್ತದೆ. ಗದಗಿನ ಕಡೆ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಅಂದರೆ ಮಳೆ ಕಡಿಮೆ, ಗಾಳಿ ಹೆಚ್ಚು ಎನ್ನುವುದು ಆ ಸೀಮೆಗೆ ಮೊದಲಿನಿಂದ ಬಂದ ಜೋಡಿ. ಗಾಳಿ ಹೆಚ್ಚೆಂದು ಫ್ಯಾನು ಬಂದವು. ಫ್ಯಾನು ಬಂದದ್ದಕ್ಕೆ ಮಳೆ ಹೋದದ್ದಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. ಬಯಲಿನಲ್ಲಿ ಮಳೆಮೋಡದ ತಳವೇ ಸಾಮಾನ್ಯವಾಗಿ ನೆಲದಿಂದ ಅರ್ಧ, ಒಂದು ಕಿಲೋಮೀಟರ್ ಮೇಲಿರುತ್ತದೆ. ಅದರ ತಲೆ ಇನ್ನೂ ಎಷ್ಟೋ ಕಿಲೋಮೀಟರ್ ಎತ್ತರ. ಫ್ಯಾನಿನ ರೆಕ್ಕೆಯ ತುದಿ ಮುಟ್ಟುವುದು 150ರಿಂದ 200 ಮೀಟರ್. ಮಾಳಿಗೆಯ ಮೇಲೆ ಬೀಸಣಿಗೆ ಬೀಸಿ ಮೋಡ ಓಡಿಸಿದ ಹಾಗಾದೀತು! 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅವುಗಳಲ್ಲಿ ಎಷ್ಟೋ ತಾಲ್ಲೂಕುಗಳಲ್ಲಿ ಒಂದು ಫ್ಯಾನೂ ಇಲ್ಲ. ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಹಂಗಂತೀಯಾ?" ಎಂದು ಎಲೆಯಡಿಕೆ ಚೀಲ ಬಿಚ್ಚಿದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು, ಹರಪನಹಳ್ಳಿಯ ಮೇಲೆ ಹೂವಿನಹಡಗಲಿಗೆ ಬಂದೆವು. ಮಲ್ಲಿಗೆಗೆ ಹೆಸರಾದ ಊರು. ನಾನೂ ಒಂದು ಮೊಳ ಮುಡಿದೆ. ಅಲ್ಲಿಂದ ತುಂಗಭದ್ರೆ ದಾಟಿದರೆ ಮುಂಡರಗಿ. ಹೊಳೆ ದಾಟಿದ ಮೇಲೆ ಮಣ್ಣಿನ ಬಣ್ಣವೇ ಬೇರೆ. ಗುಡ್ಡದ ಬುಡಕ್ಕೆ ಕೆಂಪು ಮಸಾರಿ, ಬಯಲಿಗೆ ಬಂದರೆ ಕರಿ ಎರಿ ಭೂಮಿ. ದೂರದಲ್ಲಿ ನೀಲಿಯಾಗಿ ಮಲಗಿದ್ದೇ ಕಪ್ಪತಗುಡ್ಡ.

ಈ ಗುಡ್ಡಕ್ಕೂ ಗಾಳಿಗೂ ಇರುವ ನಂಟು ಇಂದಿನದಲ್ಲ. ಮೇಲೆ ಗಾಳಿಗುಂಡಿ ಬಸವಣ್ಣ ಎಂದೇ ದೇವರಿದ್ದಾನೆ. ಅಲ್ಲಿ ನಿಂತರೆ ಸೆರಗು ಹಿಡಿದುಕೊಳ್ಳಲು ಎರಡು ಕೈ ಸಾಲದು. ಗುಡ್ಡದಲ್ಲಿ ಔಷಧಿ ಗಿಡಮೂಲಿಕೆ ಹೇರಳ. ಚಿಕ್ಕವರಿದ್ದಾಗ ಸೀತಾಫಲಕ್ಕೆ, ಸೌದೆಗೆ ನಾವು ಹತ್ತಿದ ಗುಡ್ಡ. ಹೊಟ್ಟೆಯಲ್ಲಿ ಅದಿರೂ ಇರುವುದರಿಂದ ಗಣಿಯವರ ಕಣ್ಣೂ ಬಿತ್ತು. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿದ ಸರ್ಕಾರ 2016ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಹೋರಾಟ ಮಾಡಿದರು. ಹೆಂಗಸರೂ ಗಂಡಸರೂ ಬೀದಿಗೆ ಬಂದರು. 2017ರ ಏಪ್ರಿಲ್‌ನಲ್ಲಿ ಮೀಸಲು ಪ್ರದೇಶ ಮತ್ತೆ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವೇ ಆಯಿತು.

ಗುಡ್ಡದ ಮೇಲೆ ಮೊದಮೊದಲು ಬಂದ ಫ್ಯಾನುಗಳು ಸಣ್ಣವು. ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮದ ಘಟಕದಲ್ಲಿ ಒಂದೊಂದು ಯಂತ್ರದ ಶಕ್ತಿ 225, 230 ಕಿಲೋವಾಟ್ ಇತ್ತು. ಈಗ ಬರುವ ಒಂದೊಂದು ಫ್ಯಾನು 2,000, 3,000 ಕಿಲೋವಾಟ್. ಕಂಬವೂ ಅಷ್ಟೇ ಎತ್ತರವಾದ್ದರಿಂದ ಗುಡ್ಡದ ನೆತ್ತಿಯೇ ಬೇಕೆಂದಿಲ್ಲ, ಬಯಲಿನಲ್ಲಿ ನಿಂತರೂ ಗಾಳಿ ಸಿಗುತ್ತದೆ. ಗುಡ್ಡ ವನ್ಯಜೀವಿ ಧಾಮವಾದ ಮೇಲೆ ಅಲ್ಲಿ ಹೊಸದಾಗಿ ಹಾಕುವುದಂತೂ ಸುಲಭವಲ್ಲ. ಹೀಗಾಗಿ ಫ್ಯಾನು ಗುಡ್ಡ ಇಳಿದು ರೈತನ ಹೊಲಕ್ಕೆ ಬಂದಿದೆ. ವಿಷಯ ನಮ್ಮ ಅಡಿಗೆಮನೆಯವರೆಗೆ ಬಂದದ್ದು ಹೀಗೆ.

ಎಳ್ಳಮಾವಾಸ್ಯೆ ನಮ್ಮ ಕಡೆ ದೊಡ್ಡ ಹಬ್ಬ. ಭೂಮಿತಾಯಿಗೆ ಉಡಿ ತುಂಬಿ ಚರಗ ಚೆಲ್ಲುವ ದಿನ. ನಸುಕಿನಲ್ಲೇ ಎದ್ದು ವೈನಿ, ನಾನು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಕರಿಗಡಬು, ಮೊಸರನ್ನ ಎಲ್ಲ ಬುಟ್ಟಿಗೆ ತುಂಬಿದೆವು. ಈಗ ಚಕ್ಕಡಿ ಕಡಿಮೆ. ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೊರಟೆವು. ಮುಂಗಾರಿಗೆ ಹೆಸರು ಬೆಳೆದ ಹೊಲದಲ್ಲೇ ಹಿಂಗಾರಿಗೆ ಅರ್ಧ ಬಿಳಿಜೋಳ, ಅರ್ಧ ಕಡಲೆ. ಕಡಲೆ ಹೂವಾಗಿ ಕಾಯಿ ಕಟ್ಟುತ್ತಿತ್ತು.

ಹೊಲದ ಆಚೆ ಬದಿಗೆ ಹಳೆಯ ಫ್ಯಾನೊಂದು, ಅದರಾಚೆ ಇನ್ನೂ ನಾಲ್ಕು ಹೊಸವು. ಬುಡದಲ್ಲಿ ನಿಂತು ನೋಡಿದರೆ ಕತ್ತು ನೋಯುತ್ತದೆ. ವಿಜಯಪುರದ ಗೋಲಗುಂಬಜ್ 51 ಮೀಟರ್ ಎತ್ತರ. ಹೊಸ ಫ್ಯಾನಿನ ಕಂಬವೊಂದೇ ಅಂಥ ಎರಡು ಗುಂಬಜ್ ಮೀರುತ್ತದೆ. ರೆಕ್ಕೆ ಒಂದೊಂದೂ 60, 70 ಮೀಟರ್. ನಿಮಿಷಕ್ಕೆ ಹತ್ತು ಹನ್ನೆರಡು ಸುತ್ತು ಸೋಮಾರಿಯಂತೆ ಸುತ್ತುವುದು ಕಾಣುತ್ತದೆ, ಆದರೆ ರೆಕ್ಕೆಯ ತುದಿ ಗಂಟೆಗೆ 250 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದಂತೆ! ಆಷಾಢದಲ್ಲಿ ಗಾಳಿ ಎದ್ದಾಗ 'ಹೂಶ್ ಹೂಶ್' ಸದ್ದು ಊರ ಅಂಚಿನ ಮನೆಗಳಿಗೂ ಕೇಳುತ್ತದೆ. ಸಂಜೆ ಬಿಸಿಲಿಗೆ ರೆಕ್ಕೆಯ ನೆರಳು ಅಂಗಳದಲ್ಲಿ ಬಂದು ಬಂದು ಹೋಗುತ್ತದೆ ಎಂದು ವೈನಿ ಹೇಳಿದಳು. ಮೊದಲ ವರ್ಷ ಎಮ್ಮೆ ಬೆದರುತ್ತಿತ್ತು, ಈಗ ತಲೆ ಎತ್ತಿಯೂ ನೋಡುವುದಿಲ್ಲ.

"ಫ್ಯಾನ್ ತಿರುಗಿದ್ರ ಬೆಳಿಗೆ ಏನಾರ ತ್ರಾಸ ಐತೇನಣ್ಣಾ?" ಎಂದು ಕೇಳಿದೆ.

"ತಿರಗೂದ್ರಿಂದ ನಾ ಕಂಡಂಗ ಏನಿಲ್ಲ ತಂಗಿ. ಬುಡದ ತನಕ ಬಿತ್ತತೀವಿ. ತ್ರಾಸ ಇರೂದು ಅದಕ್ಕ ಹೋಗೂ ದಾರಿದು" ಎಂದ.

ಅಣ್ಣನ ಈ ಉತ್ತರದ ಮೊದಲ ಅರ್ಧಕ್ಕೆ ವಿಜ್ಞಾನಿಗಳದೂ ಹೆಚ್ಚು ಕಡಿಮೆ ಒಪ್ಪಿಗೆಯೇ. ಫ್ಯಾನಿನ ಹಿಂದೆ ಗಾಳಿ ಸುಳಿಯಾಗಿ ಕಲಕುತ್ತದೆ. ರಾತ್ರಿ ನೆಲದ ಹತ್ತಿರ ತಣ್ಣಗಿನ ಗಾಳಿ, ಮೇಲೆ ಬೆಚ್ಚಗಿನ ಗಾಳಿ ಇರುತ್ತದಲ್ಲ, ಅವೆರಡೂ ಬೆರೆಯುತ್ತವೆ. ಮೇಲೆ ಕೆನೆ, ಕೆಳಗೆ ಹಾಲು ಇದ್ದ ಪಾತ್ರೆಗೆ ಸೌಟು ಆಡಿಸಿದ ಹಾಗೆ. ಅದರಿಂದ ಫ್ಯಾನುಗಳ ಬಳಿ ರಾತ್ರಿ ಸ್ವಲ್ಪ ಬೆಚ್ಚಗೆ, ಹಗಲು ಸ್ವಲ್ಪ ತಂಪು. ಸೋಮನಾಥ ಬೈದ್ಯ ರಾಯ್ ಎಂಬ ನಮ್ಮ ದೇಶದ ವಿಜ್ಞಾನಿ 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫ್ಯಾನುಗಳ ಲೆಕ್ಕದಿಂದ ಇದನ್ನು ತೋರಿಸಿದರು. ಅಲ್ಲಿನ ಅಯೋವಾ ರಾಜ್ಯದ ವಿಶ್ವವಿದ್ಯಾಲಯದವರು ಅದೇ ವರ್ಷದಿಂದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲೇ ಉಪಕರಣ ನೆಟ್ಟು ಅಳೆದರು. ವ್ಯತ್ಯಾಸ ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸು, ಅದೂ ಫ್ಯಾನುಗಳ ಹತ್ತಿರದಲ್ಲೇ. ಎಲೆಯ ಮೇಲಿನ ಇಬ್ಬನಿ ಬೇಗ ಆರಿದರೆ ಬೂಷ್ಟು ರೋಗ ಕಡಿಮೆಯಾಗಬಹುದು, ರಾತ್ರಿ ಬೆಚ್ಚಗಾದರೆ ಗಿಡ ಉಸಿರಾಟದಲ್ಲಿ ಸ್ವಲ್ಪ ಸತ್ವ ಕಳೆದುಕೊಳ್ಳಬಹುದು. ಒಳ್ಳೆಯದೂ ಕೆಟ್ಟದ್ದೂ ಚೂರುಚೂರು.

ಆದರೂ ನಮ್ಮ ಎರಿ ಹೊಲದ ಕಡಲೆ, ಬಿಳಿಜೋಳ ನೀರಾವರಿ ಬೆಳೆಯಲ್ಲ. ಮಣ್ಣಿನಲ್ಲಿ ಹಿಡಿದಿಟ್ಟ ತೇವ, ಚಳಿ, ಇಬ್ಬನಿ ಇವುಗಳ ಮೇಲೇ ಬರುವ ಬೆಳೆ. ನಸುಕಿನಲ್ಲಿ ಕಡಲೆ ಗಿಡದ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಎಲೆಯ ಹುಳಿಯನ್ನೂ ಹೀರಿಸಿ, ಹಿಂಡಿ ಶೀಸೆಗೆ ತುಂಬುವುದು ನಮ್ಮ ಅವ್ವಂದಿರ ಕಾಲದ ರೂಢಿ. ಅಜೀರ್ಣಕ್ಕೆ, ಹೊಟ್ಟೆನೋವಿಗೆ ಒಂದೆರಡು ಚಮಚ ಕಡಲೆ ಹುಳಿ ನೀರಿಗೆ ಹಾಕಿ ಕೊಡುತ್ತಿದ್ದರು. ನಾನು, ಅವ್ವ ಮರುದಿನ ಬೆಳಿಗ್ಗೆ ಹೋಗಿ ಹಾಸಿದೆವು. ಹಳೆಯ ಫ್ಯಾನಿನ ಹತ್ತಿರದ ಸಾಲುಗಳಲ್ಲೂ ಬಟ್ಟೆ ಚೆನ್ನಾಗಿಯೇ ನೆನೆಯಿತು, ನಾಲಗೆಗೆ ಹಚ್ಚಿದರೆ ಚುರ್ ಅನ್ನುವಷ್ಟು ಹುಳಿ. ಇದು ಒಂದು ದಿನದ ಮಾತು, ಸಂಶೋಧನೆ ಅಂತೇನೂ ಹೇಳುತ್ತಿಲ್ಲ!

ಹಕ್ಕಿಗಳ ಮಾತು ಬೇರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಸಾತಾರಾ ಹತ್ತಿರದ ಚಾಳಕೇವಾಡಿಯಲ್ಲಿ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ಯಾನು ಇರುವ ಕಡೆ ಬೇಟೆಯಾಡುವ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಕಡಿಮೆಯಾದ್ದರಿಂದ ಅಲ್ಲಿ ಓತಿಕ್ಯಾತಗಳು ಹೆಚ್ಚಾಗಿದ್ದವು. ಒಂದು ಎಳೆ ಜಗ್ಗಿದರೆ ಇಡೀ ನೇಯ್ಗೆ ಅಲುಗುತ್ತದೆ. ಹದ್ದು, ಗಿಡುಗ, ಗೂಬೆಗಳು ಹೊಲದ ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ಜೀವಗಳು. ಆದ್ದರಿಂದ ಎಲ್ಲಿ ಹಕ್ಕಿ ಹೆಚ್ಚೋ ಅಲ್ಲಿ ಫ್ಯಾನು ಬೇಡವೆನ್ನುವುದು ರೈತನ ಹಿತದ ಮಾತೂ ಹೌದು.

ಇನ್ನು ಅಣ್ಣ ಹೇಳಿದ ದಾರಿಯ ವಿಷಯ. ಊಟವಾದ ಮೇಲೆ ಮೂರು ಹೊಲ ಆಚೆಗೆ ಕರೆದುಕೊಂಡು ಹೋಗಿ ತೋರಿಸಿದ. ಫ್ಯಾನು ನಿಲ್ಲುವ ಜಾಗ ಎಷ್ಟು ಮಹಾ? ಆದರೆ ಅದರ ಕೆಳಗೆ 15, 20 ಮೀಟರ್ ಅಗಲ, ಮೂರು ಮೀಟರ್ ಆಳದ ಕಾಂಕ್ರೀಟು ಪಾಯ. ಪಕ್ಕದಲ್ಲಿ ಕ್ರೇನು ನಿಲ್ಲಲು ಗಟ್ಟಿಮಾಡಿದ ನೆಲ. 60 ಮೀಟರಿನ ರೆಕ್ಕೆ ಹೊತ್ತ ಲಾರಿ ಬರಬೇಕಾದರೆ ಐದಾರು ಮೀಟರ್ ಅಗಲದ ಗರಸು ರಸ್ತೆ, ತಿರುವಿನಲ್ಲಿ ಇನ್ನೂ ಅಗಲ. ಎರಿ ಮಣ್ಣು ಹಸಿಯಾದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಭಾರದ ಗಾಡಿ ಓಡಿದರೆ ಇಟ್ಟಿಗೆಯಂತೆ ಗಟ್ಟಿಯಾಗಿ, ನೀರು ಇಳಿಯದೆ, ಬೇರು ಇಳಿಯದೆ, ಎಷ್ಟೋ ವರ್ಷ ಹದಕ್ಕೆ ಬರುವುದಿಲ್ಲ.

ಆ ಹೊಲದಲ್ಲಿ ರಸ್ತೆಯನ್ನು ಮೂಲೆಯಿಂದ ಮೂಲೆಗೆ ಕೋರೆಯಾಗಿ ಹಾಕಿದ್ದರು, ನೆಲದಿಂದ ಒಂದೂವರೆ ಅಡಿ ಎತ್ತರಿಸಿ. ಕೆಳಗೆ ಪೈಪು ಒಂದೂ ಇಲ್ಲ. ಮೇಲಿನ ಹೊಲಗಳಿಂದ ಇಳಿದು ಬರುತ್ತಿದ್ದ ಮಳೆನೀರಿಗೆ ರಸ್ತೆಯೇ ಅಣೆಕಟ್ಟಾಗಿದೆ. ಮೇಲಿನ ಬದಿಯಲ್ಲಿ ನೀರು ನಿಂತು ಮುಂಗಾರಿಯ ಹೆಸರು ಕೊಳೆತಿತ್ತು. ರಸ್ತೆ ಒಡೆದ ಕಡೆ ನೀರು ನುಗ್ಗಿ ಕೆಳಗಿನ ಹೊಲದಲ್ಲಿ ಆಳುದ್ದದ ಕೊರಕಲು. ಉಳಿದ ಕಡೆ ನೀರೇ ಇಲ್ಲ. ತುಂಡಾದ ಹೊಲದ ಮೂಲೆಗಳಲ್ಲಿ ಕೂರಿಗೆ ಹೊರಳುವುದಿಲ್ಲ, ಅಷ್ಟೂ ಬೀಳು. ರಸ್ತೆ ಹಾಕುವಾಗ ಎದ್ದ ಧೂಳು ಮೆಣಸಿನಗಿಡದ ಹೂವಿನ ಮೇಲೆ ಕೂತು ಆ ವರ್ಷ ಕಾಯಿಯೇ ಹಿಡಿಯಲಿಲ್ಲವಂತೆ. ಹೊಲದ ಯಜಮಾನರು ವಯಸ್ಸಾದವರು. "ಫ್ಯಾನಿಗೆ ಜಾಗ ಕೊಟ್ಟಾಂವ ಬ್ಯಾರೆ, ರೊಕ್ಕ ತಗೊಂಡಾಂವ ಬ್ಯಾರೆ. ನನಗ ಬಂದದ್ದು ನೀರಷ್ಟ" ಎಂದರು.

ಪುಟ್ಟೇನಹಳ್ಳಿ ಕೆರೆಯ ಮಾತು ಗಂಟು ಹಾಕಿಟ್ಟುಕೊಳ್ಳಿ ಎಂದಿದ್ದೆನಲ್ಲ, ಈಗ ಬಿಚ್ಚಿ. ಅಲ್ಲೂ ಮಳೆ ಹೋಗಿರಲಿಲ್ಲ, ಇಲ್ಲೂ ಹೋಗಿಲ್ಲ. ಹೋಗಿದ್ದು ನೀರಿನ ದಾರಿ. ಮೋಡ ಓಡಿಸುತ್ತದೆ ಎಂದು ಎಲ್ಲರೂ ಮೇಲೆ ನೋಡುತ್ತಾ ಕೂತರೆ, ಕಾಲ ಕೆಳಗಿನ ರಸ್ತೆಯನ್ನು ಕೇಳುವವರು ಯಾರು?

ಹಾಗೆಂದು ಫ್ಯಾನೇ ಬೇಡ ಎನ್ನುವ ಹಕ್ಕು ನನಗಿದೆಯೇ? 2025ರ ಹೊತ್ತಿಗೆ ಕರ್ನಾಟಕದಲ್ಲಿ ಗಾಳಿಯ ಕರೆಂಟಿನ ಸಾಮರ್ಥ್ಯ 7,000 ಮೆಗಾವಾಟ್ ದಾಟಿದೆ. ಎರಡು ಮೆಗಾವಾಟಿನ ಒಂದು ಫ್ಯಾನು ವರ್ಷದ ಸರಾಸರಿಯಲ್ಲಿ ತನ್ನ ಶಕ್ತಿಯ ಕಾಲುಭಾಗ ದುಡಿಯಿತು ಎಂದಿಟ್ಟುಕೊಳ್ಳಿ, ಸುಮಾರು 44 ಲಕ್ಷ ಯೂನಿಟ್ ಆಗುತ್ತದೆ. ತಿಂಗಳಿಗೆ 200 ಯೂನಿಟ್ ಸುಡುವ 1,800 ಮನೆಗಳಿಗೆ ಸಾಕು. ಕಲ್ಲಿದ್ದಲಿನ ಹೊಗೆಯಿಲ್ಲ, ಬೂದಿಯಿಲ್ಲ. ಪುಟ್ಟೇನಹಳ್ಳಿಯಲ್ಲಿ ನಾನು ಮಿಕ್ಸಿ ಗುಂಡಿ ಒತ್ತಿದಾಗ ತಿರುಗುವುದರಲ್ಲಿ ನನ್ನ ತವರಿನ ಗಾಳಿಯೂ ಒಂದಿಷ್ಟು ಇರುತ್ತದೆ. ಊರಿಗೂ ಲಾಭವಿಲ್ಲದಿಲ್ಲ. ಕಾವಲುಗಾರನ ಕೆಲಸ, ರಿಪೇರಿ ಕೆಲಸ ನಾಲ್ಕು ಹುಡುಗರಿಗೆ ಸಿಕ್ಕಿದೆ. ಸರಿಯಾಗಿ ಹಾಕಿದ ರಸ್ತೆಯಲ್ಲಿ ಜೋಳದ ಚೀಲ ಹೊಲದಿಂದಲೇ ಟ್ರ್ಯಾಕ್ಟರಿಗೆ ಏರುತ್ತದೆ. ಫ್ಯಾನು ಬರಲಿ, ಆದರೆ ಹೊಲ ಹೊಲವಾಗಿಯೇ ಉಳಿಯುವ ಹಾಗೆ ಬರಲಿ.

ರಾತ್ರಿ ಕಂದೀಲು ಕಾಲದ ಹಾಗೆ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಹೊಸ ಫ್ಯಾನು ನಿಲ್ಲುವುದು ನಮ್ಮ ಪಕ್ಕದವರ ಹೊಲದಲ್ಲಿ. ನಮ್ಮಿಂದ ಬೇಕಾದದ್ದು ರಸ್ತೆಗೆ ಒಂದು ಪಟ್ಟಿ, ಅದೂ ನಡುಮಧ್ಯದಲ್ಲಿ, ಖರೀದಿಗೆ. ರೊಕ್ಕದ ಮೊತ್ತ ಕೇಳಿ ಅಣ್ಣನ ಮಗನಿಗೆ ಆಗಲೇ ಬೈಕು ಕಾಣುತ್ತಿತ್ತು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಲ್ಲಿಯತನಕ ಸುಮ್ಮನಿದ್ದವಳು, "ರೊಕ್ಕದ ಮಾತು ಆಮ್ಯಾಲ ಆಡ್ರಿ. ಮಳಿ ನೀರು ಯಾ ಕಡಿಂದ ಬಂದು ಯಾ ಕಡಿಗೆ ಹೋಗತೈತಿ ಅಂತ ಮೊದಲ ಅವರಿಗೆ ಹೊಲದಾಗ ನಿಂತು ತೋರಸ್ರಿ" ಎಂದಳು. ಅವ್ವನ ಆ ಮಾತನ್ನೇ ಮೊದಲನೆಯದಾಗಿಟ್ಟು ನಾನು ಒಂದು ಪಟ್ಟಿ ಮಾಡಿದೆ. ನಿಮಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ರಸ್ತೆ ಎಲ್ಲಿ ಹೋಗುತ್ತದೆ? ಹೊಲದ ನಡುವೆ ಬೇಡ, ಒಡ್ಡಿನ ಗುಂಟ ಹೋಗಲಿ. ನೀರು ದಾಟುವ ಕಡೆಯಲ್ಲೆಲ್ಲ ಪೈಪು ಎಷ್ಟು, ಎಷ್ಟು ಅಗಲದ್ದು ಎಂದು ಕಾಗದದಲ್ಲೇ ಬರೆಸಿ.

2. ಮಾರುವುದೋ, ಲಾವಣಿಗೆ ಅಂದರೆ ಬಾಡಿಗೆಗೆ ಕೊಡುವುದೋ? ಮಾರಿದ ರೊಕ್ಕ ಒಂದು ಮದುವೆಗೆ, ಒಂದು ಮನೆಗೆ ಮುಗಿಯುತ್ತದೆ. ಫ್ಯಾನು 20, 25 ವರ್ಷ ದುಡಿಯುತ್ತದೆ. ಬಾಡಿಗೆಯೂ ಅಷ್ಟು ವರ್ಷ ಬರಬೇಕು, ಕಾಲಕಾಲಕ್ಕೆ ಏರಬೇಕು.

3. ಮೇಲಿನ ಒಂದಡಿ ಕರಿಮಣ್ಣು ಯಾರದು? ಕೆತ್ತಿದ್ದನ್ನು ಬೇರೆಯಾಗಿ ಒಟ್ಟಿಟ್ಟು ಕೆಲಸ ಮುಗಿದ ಮೇಲೆ ಹೊಲಕ್ಕೇ ಹರಡಿಕೊಡಬೇಕು.

4. ಕೆಲಸದ ಕಾಲದಲ್ಲಿ, ಆಮೇಲೆ ಕ್ರೇನು ಮತ್ತೆ ಬಂದಾಗ ಹಾಳಾಗುವ ಬೆಳೆಗೆ ಪರಿಹಾರ ಏನು? ಧೂಳಿಗೆ ನೀರು ಹೊಡೆಯುವವರು ಯಾರು?

5. ತಂತಿ ಎಲ್ಲಿ ಹಾಯುತ್ತದೆ? ತಂತಿಯ ಕೆಳಗೆ ಎತ್ತರದ ಮರ ಬೆಳೆಸಲು ಆಗುವುದಿಲ್ಲ. ಅದಕ್ಕೆ ಬೇರೆ ಪರಿಹಾರ ಕೇಳಿ.

6. ಅವಧಿ ಮುಗಿದ ಮೇಲೆ ಕಂಬ, ಪಾಯ, ರಸ್ತೆ ತೆಗೆಯುವವರು ಯಾರು? ಕಂಪನಿ ಇನ್ನೊಬ್ಬರ ಕೈಗೆ ಹೋದರೂ ಈ ಮಾತು ಉಳಿಯುತ್ತದೆಯೇ?

7. ರೊಕ್ಕ ಯಾರ ಖಾತೆಗೆ? ಪಹಣಿಯಲ್ಲಿ ಯಾರ ಹೆಸರಿದೆ? ಅವ್ವನ, ಅಕ್ಕತಂಗಿಯರ ಪಾಲು ಬರೆದಿದೆಯೇ?

ಇನ್ನೂ ಎರಡು ಮಾತು. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬರೀ ಛಾಪಾಕಾಗದ ಸಾಲದು. ಕಾಗದ ಅರ್ಥವಾಗದಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ಕಾನೂನು ನೆರವು ಕೊಡಬೇಕು.

ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳದಿದ್ದರೆ ನಿಮಗೆ ಸಮಾಧಾನವಾಗದು. ಮರುದಿನ ಬಂದವರನ್ನು ಅಣ್ಣ ಹೊಲಕ್ಕೇ ಕರೆದುಕೊಂಡು ಹೋದ. ಅವ್ವ ಕೋಲೂರಿಕೊಂಡು ನೀರಿನ ದಾರಿ ಉದ್ದಕ್ಕೂ ನಡೆದು ತೋರಿಸಿದಳು. ಅವರು ತಲೆಯಾಡಿಸಿ ಹೋದರು. ಎರಡು ತಿಂಗಳು ಸುದ್ದಿಯಿಲ್ಲ. ಅಣ್ಣನ ಮಗ ಮುಖ ಊದಿಸಿಕೊಂಡ. ಶಿವರಾತ್ರಿಯ ಹೊತ್ತಿಗೆ ಹೊಸ ನಕ್ಷೆ ಬಂತು. ರಸ್ತೆ ಒಡ್ಡಿನ ಗುಂಟ, ಮೂರು ಕಡೆ ಪೈಪು, ಪಟ್ಟಿ ಮಾರಾಟವಲ್ಲ, ಲಾವಣಿ. ಪ್ರತಿವರ್ಷ ಬಾಡಿಗೆ ಏರಿಸುವುದಕ್ಕೆ ಒಪ್ಪಲಿಲ್ಲ, ಐದು ವರ್ಷಕ್ಕೊಮ್ಮೆ ಎಂದರು. ಅಷ್ಟಕ್ಕೆ ನಾವೂ ಒಪ್ಪಿದೆವು. ಬಾಡಿಗೆಯ ಒಂದು ಪಾಲು ಅವ್ವನ ಖಾತೆಗೇ ಹೋಗುತ್ತದೆ. ನಾನು ಹೋಗಿ ಸಹಿ ಹಾಕಿ ಬಂದೆ. ಪೈಪು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆಂದು ದೊಡ್ಡ ಮಳೆ ಬಿದ್ದಾಗಲೇ ತಿಳಿಯಬೇಕು. ಆ ಮೂರು ಹೊಲ ಆಚೆಯ ಯಜಮಾನರೂ ನಮ್ಮ ಕಾಗದದ ನಕಲು ಹಿಡಿದುಕೊಂಡು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟಿದ್ದಾರೆ.

ನೀವೂ ಆ ಕಡೆ ಒಮ್ಮೆ ಹೋಗಿ ಬನ್ನಿ. ಮಳೆ ಬಿದ್ದು ಗುಡ್ಡ ಹಸಿರಾಗಿರುವ ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಈಗ ಅದು ವನ್ಯಜೀವಿ ಧಾಮವಾದ್ದರಿಂದ ಹತ್ತುವ ಮುಂಚೆ ಅರಣ್ಯ ಇಲಾಖೆಯವರನ್ನು ವಿಚಾರಿಸಿ. ಗುಡ್ಡದ ಬುಡದ ಡಂಬಳದಲ್ಲಿ 12ನೇ ಶತಮಾನದ ದೊಡ್ಡಬಸಪ್ಪನ ಗುಡಿ ಇದೆ. ತಳವಿನ್ಯಾಸ 24 ಮೂಲೆಯ ನಕ್ಷತ್ರದಂತೆ. ಮಕ್ಕಳಿಗೆ ಎಣಿಸಲು ಹೇಳಿ, ಚೆನ್ನಾಗಿ ಹೊತ್ತು ಹೋಗುತ್ತದೆ. ಗದಗಿನಲ್ಲಿ ವೀರನಾರಾಯಣ, ತ್ರಿಕೂಟೇಶ್ವರ. ಹತ್ತಿರದಲ್ಲೇ ಲಕ್ಕುಂಡಿ. ಸಂಜೆಗೆ ಬಿಸಿ ಗಿರಮಿಟ್ಟು, ಮಿರ್ಚಿ ಮರೆಯಬೇಡಿ. ಹೊಲಗಳ ನಡುವೆ ಹೋಗುವಾಗ ಫ್ಯಾನಿನ ತಲೆಯನ್ನಷ್ಟೇ ನೋಡಬೇಡಿ, ಬುಡವನ್ನೂ ನೋಡಿ. ರಸ್ತೆಯ ಕೆಳಗೆ ಪೈಪು ಇದೆಯೇ, ಆಚೆ ಬದಿಯ ಬೆಳೆ ಈಚೆ ಬದಿಯಷ್ಟೇ ಹಸಿರಾಗಿದೆಯೇ ಎಂದು ನೋಡಿದರೆ ಆ ಊರಿಗೆ ಫ್ಯಾನು ಹೇಗೆ ಬಂತು ಎಂಬುದು ನಿಮಗೇ ತಿಳಿಯುತ್ತದೆ.

ಇನ್ನು ಹಾಲು ಒಲೆಗೆ ಇಡಬಹುದು. ಆಮೇಲೆ ಬಿಡುವಾದಾಗ, ತವರಿನ ಹೊಲದ ಪಹಣಿ ಎಲ್ಲಿದೆ, ಅದರಲ್ಲಿ ಯಾರ್ಯಾರ ಹೆಸರಿದೆ ಎಂದು ಒಂದು ಫೋನು ಮಾಡಿ ಕೇಳಿ. ಜಗಳಕ್ಕಲ್ಲ, ತಿಳಿದಿರಲಿ ಅಂತ.